ಮೂರನೆಯ ಓಟ

ಆ ಅಂತಾರಾಷ್ಟ್ರೀಯ ಶಾಲೆಯ ಗಾಜಿನ ಬೀರುವಿನಲ್ಲಿ ಫುಟ್‌ಬಾಲ್ ಕಪ್ ಇತ್ತು, ಈಜಿನ ಕಪ್ ಇತ್ತು, ಚದುರಂಗದ್ದೂ ಇತ್ತು. ಹುಡುಗಿಯರ ರಿಲೇ ಓಟದ್ದು ಮಾತ್ರ ಇರಲಿಲ್ಲ. ಹೋದ ವರ್ಷದ ಫೈನಲ್‌ನಲ್ಲಿ ಬ್ಯಾಟನ್ ನಡುದಾರಿಯಲ್ಲೇ ಬಿದ್ದು, ನಾಲ್ಕನೆಯವಳಾಗಿ ಕೈಚಾಚಿ ನಿಂತಿದ್ದ ಕಡ್ಡಿ ಒಂದು ಹೆಜ್ಜೆಯನ್ನೂ ಓಡದೆ ಸೋತಿದ್ದಳು. ಮೈಯೆಲ್ಲ ಕಾಲೇ ಆಗಿದ್ದ ಅವಳನ್ನು ನಿಜವಾದ ಹೆಸರಿನಿಂದ ಕರೆಯುವವರು ಯಾರೂ ಇರಲಿಲ್ಲ. ಶಾಲೆಗೇ ಜೋರಾದ ಓಟಗಾರ್ತಿ. ಈ ಸಲ ಗೆಲುವಿನ ದಾರವನ್ನು ತಾನೇ ಕಡಿಯಬೇಕೆಂದು ವರ್ಷವಿಡೀ ಹಲ್ಲು ಕಚ್ಚಿಕೊಂಡು ಕಾದಿದ್ದಳು.

ಆದರೆ ಅಭ್ಯಾಸದಲ್ಲೂ ಬ್ಯಾಟನ್ ಬೀಳುತ್ತಲೇ ಇತ್ತು. ಉಳಿದ ಮೂವರು ಮೂರು ದೇಶಗಳ ಶಾಲೆಗಳಿಂದ ಬಂದವರು. ಮೂವರಿಗೂ ಬಲಗೈಯಲ್ಲೇ ಈಸಿಕೊಂಡು ರೂಢಿ. ಬಲಗೈಯಿಂದ ಬಲಗೈಗೆ ಕೊಡಲು ಹೋದರೆ ಭುಜಕ್ಕೆ ಭುಜ ಡಿಕ್ಕಿ. ಅದಕ್ಕೆಂದು ಓಡುತ್ತಲೇ ಕೈ ಬದಲಿಸುತ್ತಿದ್ದರು, ಅಲ್ಲೇ ಎಡವಟ್ಟು. ಕೋಚ್ ಮೇಡಂ ಗಂಟಲು ಹರಿದುಕೊಂಡದ್ದಷ್ಟೇ ಬಂತು.

ಒಂದು ಸಂಜೆ ಬೂಟಿನ ದಾರ ಬಿಚ್ಚುತ್ತಿದ್ದ ಕಡ್ಡಿಗೆ ಥಟ್ಟನೆ ಹೊಳೆಯಿತು. ತಾನೊಬ್ಬಳೇ ಎಡಚಿ. ಮೊದಲನೆಯವಳು ಎಡಗೈಯಲ್ಲಿ ಹಿಡಿದು ಹೊರಟು, ತಾನು ಇಬ್ಬರು ಬಲಗೈಯವರ ನಡುವೆ ನಿಂತರೆ ಯಾರೂ ಕೈ ಬದಲಿಸಬೇಕಿಲ್ಲ. ಆದರೆ ನಡುವೆ ನಿಂತವರಿಗೆ ದಾರವೆಲ್ಲಿ ಸಿಗುತ್ತದೆ?

"ಮೇಡಂ, ನಾನು ಮೂರನೇದು ಓಡ್ತೀನಿ. ಕೊನೇದು ಗುಬ್ಬಿ ಓಡ್ಲಿ."

"ತಲೆ ನೆಟ್ಟಗಿದ್ಯಾ? ನಿಮ್ಮ ನಾಲ್ವರಲ್ಲಿ ಅವಳೇ ನಿಧಾನ ಕಣೆ!"

"ಅವಳಿಗೆ ಬೇಕಾದಷ್ಟು ದೂರ ನಾನು ಮುಂದೆ ತಂದ್ಕೊಡ್ತೀನಿ," ಎಂದಳು. ಮೇಡಂ ಕೈಗಳ ಲೆಕ್ಕ ಹಾಕಿ ನೋಡಿ, ಹೂಂ ಎಂದರು.

ಫೈನಲ್ ದಿನ ಎಡಗೈಗೆ ಬ್ಯಾಟನ್ ಸಿಕ್ಕಾಗ ಇವರ ತಂಡ ಮೂರನೆಯ ಸ್ಥಾನದಲ್ಲಿತ್ತು. ತಿರುವಿನಲ್ಲಿ ಕಡ್ಡಿ ಒಬ್ಬಳನ್ನು ದಾಟಿದಳು, ಅದು ಮುಗಿಯುವಷ್ಟರಲ್ಲಿ ಇನ್ನೊಬ್ಬಳನ್ನೂ. ಅಲ್ಲಿಗೂ ನಿಲ್ಲದೆ ಮೈಮೇಲೆ ಬಂದವಳಂತೆ ಓಡಿದಳು. ಗುಬ್ಬಿಯ ಬಲಗೈಗೆ ಬ್ಯಾಟನ್ ಸೇರಿದ್ದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

"ಓಡೇ ಗುಬ್ಬಿ, ಓಡೇ!"

ಗುಬ್ಬಿ ಬಿದ್ದೆನೋ ಕೆಟ್ಟೆನೋ ಎಂದು ಓಡಿ ದಾರ ಕಡಿದಳು. ಮೈದಾನವೇ ಕೂಗಿತು. ಕಡ್ಡಿಗೆ ಒಂದು ಗಳಿಗೆ ಹೊಟ್ಟೆಕಿಚ್ಚಾಯಿತು, ನಿಜ. ಮರುಗಳಿಗೆ ಕುಣಿಯುತ್ತಾ ಓಡಿಹೋಗಿ ಗುಬ್ಬಿಯನ್ನು ಎತ್ತಿಕೊಂಡಳು.

ಸೊಸೆಯೇ ದಾರ ಕಡಿಯುವುದನ್ನು ವಿಡಿಯೊ ಮಾಡಲೆಂದು ಅಲ್ಲೇ ಮೊಬೈಲ್ ಹಿಡಿದು ನಿಂತಿದ್ದ ಕಡ್ಡಿಯ ಸೋದರಮಾವ ಪೆಚ್ಚುಮೋರೆ ಹಾಕಿಕೊಂಡು ಬಂದರು.

"ಅಯ್ಯೋ, ಇದ್ರಲ್ಲಿ ನೀನೆಲ್ಲೂ ಇಲ್ವಲ್ಲೇ!"

ಕಡ್ಡಿ ಏದುಸಿರು ಬಿಡುತ್ತಲೇ ಪರದೆಯ ಮೇಲೆ ಬೆರಳಿಟ್ಟಳು. ಗುಬ್ಬಿ ಒಬ್ಬಳೇ ಬರುತ್ತಿದ್ದಳು. ಉಳಿದವರೆಲ್ಲ ಎಷ್ಟೋ ಹಿಂದಿದ್ದರು.

"ಇವ್ಳ ಹಿಂದೆ ಇಷ್ಟುದ್ದ ಖಾಲಿ ಜಾಗ ಕಾಣ್ತಿದ್ಯಲ್ಲ ಮಾವ, ಅದೇ ನಾನು."