ಮೌನಪ್ಪನ ತೊದಲುವ ಲ್ಯಾಪ್‌ಟಾಪ್

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ರಾಯಚೂರಿನ ತೀನ್ ಕಂದೀಲ್ ಹತ್ತಿರ ಹದಿನಾರು ವರ್ಷದಿಂದ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುವವಳಿಗೆ ಅಷ್ಟಾದರೂ ಇರಬೇಕು. ಬೋರ್ಡಿನ ಮೇಲೆ ಸರ್ವರಿ ಬೇಗಂ ಎಂದು ದೊಡ್ಡದಾಗಿ ಬರೆಸಿದ್ದೇನೆ. ಆದರೂ ಒಳಗೆ ಬಂದವರು ರಿಪೇರಿ ಮಾಡುವವರು ಎಲ್ಲಿ ಎಂದು ನನ್ನನ್ನೇ ಕೇಳುತ್ತಾರೆ. ನಾನು ಮೊದಲು ಸ್ಕ್ರೂಡ್ರೈವರ್ ಎತ್ತಿ ತೋರಿಸಿ ಆಮೇಲೆ ಮಾತಾಡುತ್ತೇನೆ.

ಮೌನಪ್ಪ ಹಾಗೆ ಕೇಳಲಿಲ್ಲ. ಸಂಕ್ರಾಂತಿ ಮುಗಿದ ವಾರ ಬಂದವರು, ಚಪ್ಪಲಿ ಹೊರಗೆ ಬಿಟ್ಟು, ಕಂಬಳಿ ತುಂಡಿನಲ್ಲಿ ಸುತ್ತಿದ್ದ ಲ್ಯಾಪ್‌ಟಾಪನ್ನು ನನ್ನ ಮೇಜಿನ ಮೇಲೆ ಮೆಲ್ಲಗೆ ಇಟ್ಟರು.

"ಮೇಡಂರೀ, ಇದರಾಗ ಜೀವ ಅದ ಏನು ನೋಡ್ರಿ."

ಅರವತ್ತು ದಾಟಿದ ಮನುಷ್ಯ. ಬಿಳಿ ಧೋತರ, ಹೆಗಲ ಮೇಲೆ ಟವೆಲ್, ಅಂಗಿಯ ಜೇಬಿನಲ್ಲಿ ಎರಡು ಪೆನ್ನು. ದೇವದುರ್ಗದ ತಾಲೂಕು ಕಚೇರಿಯ ಮುಂದೆ ಬೇವಿನ ಗಿಡದ ಕೆಳಗೆ ಕೂತು ಮೂವತ್ತೈದು ವರ್ಷದಿಂದ ಜನರ ಅರ್ಜಿ ಬರೆದುಕೊಡುತ್ತಾರಂತೆ. ಲ್ಯಾಪ್‌ಟಾಪು ಅಳಿಯ ಬಳಸಿ ಬಿಟ್ಟದ್ದು. ತೆರೆದು ನೋಡಿದರೆ ಒಳಗಿದ್ದ ವಿಂಡೋಸ್ ಹಳೆಯ ಕಾಲದ್ದು, ಗುಂಡಿ ಒತ್ತಿ ಚಹಾ ಕುಡಿದು ಬಂದರೂ ಎದ್ದಿರಲಿಲ್ಲ.

"ಯಂತ್ರ ಚಲೋ ಅದ ಕಾಕಾ. ಒಳಗಿಂದು ತೆಗೆದು ಬ್ಯಾರೆ ಹಾಕಬೇಕು. ಪುಕ್ಕಟ ಸಿಗತಾವ," ಎಂದೆ.

ಪುಕ್ಕಟೆ ಎಂದ ಕೂಡಲೇ ಜನ ಖುಷಿಪಡುತ್ತಾರೆ. ಈ ಮನುಷ್ಯ ಹುಬ್ಬು ಗಂಟಿಕ್ಕಿದರು. "ಯಾರು ಮಾಡ್ತಾರ್ರಿ ಅದನ್ನ? ಯಾಕ ಮಾಡ್ತಾರ?"

ಹದಿನಾರು ವರ್ಷದಲ್ಲಿ ಆ ಎರಡನೆಯ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಜಗತ್ತಿನ ಮೂಲೆಮೂಲೆಯ ಜನ ಕೂಡಿ ಬರೆಯುತ್ತಾರೆ, ಬರೆದದ್ದನ್ನು ಮುಚ್ಚಿಡುವುದಿಲ್ಲ, ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂದು ಹೇಳಿದೆ. "ಅಂದ್ರ ಊರವರು ಕೂಡಿ ಬಾವಿ ತೋಡಿದಂಗ," ಎಂದರು. ನಾನು ಗಿರಾಕಿಗಳಿಗೆ ಅರ್ಧ ತಾಸು ಹೇಳುವುದನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದ್ದಕ್ಕೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಏನೇನು ಕೆಲಸ ಮಾಡುತ್ತೀರಿ ಎಂದು ಕೇಳಿದೆ. ಜೇಬಿನಿಂದ ಮಡಚಿದ ಕಾಗದ ತೆಗೆದು ಕೊಟ್ಟರು. "ಇಂಥದ್ದು ಬರೀಬೇಕು. ಮತ್ತೇನೂ ಬ್ಯಾಡ."

ಎರಡು ವರ್ಷದ ಹಿಂದಿನ ತಾರೀಖಿನ ಅರ್ಜಿಯ ನಕಲು ಅದು. ಅಂಥ ಅಕ್ಷರ ನಾನು ಮದುವೆ ಕಾರ್ಡಿನಲ್ಲೂ ನೋಡಿಲ್ಲ. ಕೊನೆಯ ಸಾಲಿನಲ್ಲಿ 'ಬಿಕ್ಕಲಂ ಮೌನಪ್ಪ' ಎಂದಿತ್ತು. ಬರೆದ ಕೈ ಮೌನಪ್ಪನದು ಎಂದು ಅರ್ಥ. ನಿಜಾಮರ ಕಾಲದ ಮುನ್ಶಿಯೊಬ್ಬರ ಹತ್ತಿರ ಕಲಿತದ್ದಂತೆ, ಅವರು ಆ ಸಾಲಿಲ್ಲದೆ ಕಾಗದ ಕೈಬಿಡಬೇಡ ಎಂದಿದ್ದರಂತೆ. ಕೊನೆಯ ಅಕ್ಷರದ ಬಾಲವನ್ನು ಕಾಗದದ ಅಂಚಿನ ತನಕ ಎಳೆದಿದ್ದರು.

"ಇಷ್ಟು ಚಂದ ಬರಿಯೋರಿಗೆ ಕಂಪ್ಯೂಟರ್ ಯಾಕ ಕಾಕಾ?"

"ಕೈಲೇ ಬರಿಯಾ ಕಾಲ ಮುಗೀತ್ರಿ. ಯುಗಾದಿಯೊಳಗ ಇದನ್ನ ಕಲೀಲಿಲ್ಲಂದ್ರ ಗಿಡದ ಬುಡ ಬಿಟ್ಟು ಮನಿಗೆ ಹೋಗೂದೇ."

ಈಗ ಎಲ್ಲರೂ ಟೈಪ್ ಮಾಡಿದ ಅರ್ಜಿಯನ್ನೇ ಕೇಳುತ್ತಾರಲ್ಲ, ಅದಕ್ಕೇ ಇರಬೇಕು ಎಂದುಕೊಂಡೆ. ಮುಂದೆ ಕೇಳಲಿಲ್ಲ. ನನಗೆ ಯಂತ್ರದ ಹೊಟ್ಟೆಯೊಳಗೆ ಏನಿದೆ ಎಂಬ ಕುತೂಹಲ ಇರುವಷ್ಟು ಮನುಷ್ಯರ ವಿಷಯದಲ್ಲಿ ಇರಲಿಲ್ಲ, ಅದನ್ನು ಈಗ ಒಪ್ಪಿಕೊಳ್ಳುತ್ತೇನೆ.

ವಿಂಡೋಸ್ ಬದಲಿಗೆ ಹಾಕುವ ಇಂಥ ಪುಕ್ಕಟೆ ವ್ಯವಸ್ಥೆಗಳಲ್ಲಿ ಹೊಸಬರಿಗೆ ಹೊಂದುವ ಮೂರನ್ನು ನಾನು ಪೆನ್‌ಡ್ರೈವ್‌ಗಳಲ್ಲಿ ತಯಾರು ಇಟ್ಟಿರುತ್ತೇನೆ: ಉಬುಂಟು, ಝೋರಿನ್, ಮಿಂಟ್. ನನ್ನ ಮನಸ್ಸು ಮಿಂಟ್ ಮೇಲೆ. ಅಂಗಡಿಯ ಯಂತ್ರದಲ್ಲೂ ಅದೇ, ಮನೆಯಲ್ಲೂ ಅದೇ. "ಇದನ್ನ ಹಾಕತೀನಿ. ನೋಡಾಕ ವಿಂಡೋಸ್ ಇದ್ದಂಗ ಇರತದ, ಹೊಸಬರಿಗೆ ಸಲೀಸು," ಎಂದೆ.

"ನಾ ವಿಂಡೋಸೂ ಕಂಡಿಲ್ಲಲ್ರಿ."

ಎಲ್ಲ ಗಿರಾಕಿಗೂ ಹೇಳುವ ನನ್ನ ಹಳೆಯ ಮಾತು ಆ ಒಂದು ವಾಕ್ಯದ ಮುಂದೆ ಕುಂಟಿಬಿಟ್ಟಿತು. ಅವರೇ ಮುಂದುವರಿಸಿದರು. "ನಮ್ಮದು ಕುರಿ ಕಾಯೋ ಮನಿತನ ಮೇಡಂರೀ. ಟಗರು ತಗೊಳ್ಳಾಕಾದ್ರ ಮೂರು ದಿನ ನಮ್ಮ ಹಟ್ಟ್ಯಾಗ ಬಿಟ್ಟು ನೋಡತೀವಿ. ಮೇಯ್ತದೋ ಇಲ್ಲೋ, ಉಳಿದ ಕುರಿ ಕೂಡ ಹೊಂದತದೋ ಇಲ್ಲೋ. ಇವನ್ನ ಹಂಗ ನೋಡಾಕ ಬರತದೇನು?"

ಬರುತ್ತದೆ. ಅದೇ ಅವುಗಳ ಸೊಗಸು. ಪೆನ್‌ಡ್ರೈವ್ ಚುಚ್ಚಿ ಯಂತ್ರ ಶುರು ಮಾಡಿದರೆ ಸಾಕು, ಒಳಗೆ ಏನನ್ನೂ ಹಾಕದೆ ಓಡುತ್ತದೆ. ಆರಿಸಿದ ಮೇಲೆ ಬರೆದದ್ದೆಲ್ಲ ಅಳಿಸಿ ಹೋಗುತ್ತದೆ, ಅಷ್ಟೇ. ಕೀಲಿಗಳ ಮೇಲೆ ಕನ್ನಡ ಅಕ್ಷರದ ಸ್ಟಿಕ್ಕರ್ ಅಂಟಿಸಿದೆ. ಮೂರರಲ್ಲಿ ಯಾವುದು ಯಾವುದೆಂದು ಗೊತ್ತಾಗಲು, ಕುರಿಗೆ ಗುರುತು ಹಾಕಿದಂತೆ, ಕೆಂಪು, ಹಸಿರು, ಬಿಳಿ ದಾರ ಕಟ್ಟಿದೆ. ಮಿಂಟ್‌ಗೆ ಹಸಿರು. ಮೊದಲು ನೋಡಲು ಕೆಂಪು ದಾರದ ಉಬುಂಟು ಕೊಟ್ಟೆ. ಚಹಾ ತರಿಸಿದರೆ "ಅರ್ಧ ಕಪ್ ಸಾಕು" ಎಂದರು. ಅದನ್ನೂ ಕುಡಿಯದೆ ಎದ್ದು ಹೋದರು.

ವಾರದ ಮೇಲೆ ಫೋನ್ ಬಂತು. "ಕೆಂಪು ದಾರದ್ದು ತೊದಲತದ್ರಿ."

"ತೊದಲತದ ಅಂದ್ರ?"

"ಒಂದು ಅಕ್ಷರ ಒತ್ತಿದ್ರ ಎರಡು, ಮೂರು ಹೊಡೀತದ. ಮಾನ್ಯರೇ ಅಂತ ಬರದ್ರ ಮಮಮಾನ್ಯ ಅಂತದ."

ನನಗೆ ಕುತೂಹಲ ಹುಟ್ಟಿತು. ಹಾಳಾದ ಕೀಲಿ ಒಂದೋ ಹೊಡೆಯುವುದಿಲ್ಲ, ಇಲ್ಲವೇ ಒಂದೇ ಅಕ್ಷರವನ್ನು ಸಾಲುಗಟ್ಟಿ ಹೊಡೆಯುತ್ತದೆ. ಎಲ್ಲ ಅಕ್ಷರವೂ ಆಗಾಗ ತೊದಲುವುದನ್ನು ನಾನು ಕೇಳಿರಲಿಲ್ಲ. ತರಿಸಿಕೊಂಡೆ. ಅರ್ಧ ತಾಸು ಟೈಪ್ ಮಾಡಿದೆ, ಒಂದಕ್ಷರವೂ ಹೆಚ್ಚಿಗೆ ಬೀಳಲಿಲ್ಲ. ನೀವೇ ಮಾಡಿ ತೋರಿಸಿ ಎಂದರೆ, ಕನ್ನಡಕ ಮನೆಯಲ್ಲಿ ಉಳಿಯಿತು ಎಂದರು. ಬಲಗೈಯನ್ನು ಟವೆಲ್ಲಿನೊಳಗೆ ಇಟ್ಟುಕೊಂಡೇ ನಿಂತಿದ್ದರು. ಚಳಿ ಇರಬೇಕೆಂದುಕೊಂಡೆ.

ಬಿಳಿ ದಾರದ ಝೋರಿನ್ ಹಿಡಿದು ಹೋದರು. ಅದೂ ತೊದಲಿತು. ಹತ್ತು ದಿನಕ್ಕೆ ಮತ್ತೆ ಬಂದರು, ನಾನು ಕೀಬೋರ್ಡನ್ನೇ ಬದಲಿಸಿದೆ. ಹೊಸ ಕೀಬೋರ್ಡು, ಕಡೆಯದಾಗಿ ನನ್ನ ಮುದ್ದಿನ ಮಿಂಟ್. ಇನ್ನು ಯಾವ ತೊದಲು ಬರುತ್ತದೆ ನೋಡೋಣ ಎಂದು ಕಳಿಸಿದೆ. ಯುಗಾದಿಗೆ ಹನ್ನೊಂದು ದಿನ ಇರುವಾಗ ಫೋನ್ ಬಂತು. "ಹಸಿರೂ ತೊದಲತದ ಮೇಡಂರೀ."

ನನ್ನ ಮಿಂಟಿಗೆ ಹೆಸರಿಟ್ಟರೆ ಸುಮ್ಮನಿರುವ ಜಾಯಮಾನ ನನ್ನದಲ್ಲ. "ಕುಣಿಯಾಕ ಬರಲಾರದಾಕಿ ನೆಲ ಡೊಂಕು ಅಂದಳಂತ ಕಾಕಾ, ಹಂಗಾತು ನಿಮ್ಮ ಮಾತು. ಮೂರಕ್ಕ ಮೂರೂ ಕೆಟ್ಟಿರತಾವೇನು?" ಎಂದುಬಿಟ್ಟೆ.

"ಇರಬೌದು ಯವ್ವಾ. ನೆಲ ನೆಟ್ಟಗನ ಇರಬೌದು," ಎಂದು ಫೋನ್ ಇಟ್ಟರು.

ಆ ಮೆತ್ತನೆಯ ಉತ್ತರ ನನ್ನನ್ನು ಬಿಡಲಿಲ್ಲ. ಬೈದಿದ್ದರೆ ಮರೆತಿರುತ್ತಿದ್ದೆ. ಪೆನ್‌ಡ್ರೈವ್ ತರಿಸಿ ನೋಡೋಣವೆಂದರೆ ಅದರಲ್ಲಿ ಅವರು ಬರೆದ ಒಂದಕ್ಷರವೂ ಉಳಿದಿರುವುದಿಲ್ಲ. ನಾನು ಹೊಡೆದರೆ ಸರಿ, ಅವರು ಹೊಡೆದರೆ ತೊದಲು, ಅದೂ ಮೂರು ವ್ಯವಸ್ಥೆಗಳಲ್ಲಿ, ಎರಡು ಕೀಬೋರ್ಡುಗಳಲ್ಲಿ. ಊಟ ಮಾಡುವಾಗಲೂ ಅದೇ ಯೋಚನೆ.

ಐದು ದಿನ ಬಿಟ್ಟು ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ಪ್ರಿಂಟರ್ ಕೆಟ್ಟಿತ್ತು, ಹೋಗಿದ್ದೆ. ಹನ್ನೊಂದಕ್ಕೇ ಕೆಲಸ ಮುಗಿಯಿತು. ಬಸ್ ಸ್ಟ್ಯಾಂಡಿನಲ್ಲಿ ರಾಯಚೂರಿನ ಬಸ್ಸಿನ ಪಕ್ಕದಲ್ಲೇ ಸಿರವಾರದ ಮೇಲೆ ದೇವದುರ್ಗಕ್ಕೆ ಹೋಗುವ ಬಸ್ಸು ನಿಂತಿತ್ತು. ಹಸಿರು ದಾರದ ಸಮಾಚಾರ ಕಣ್ಣಾರೆ ನೋಡಿಯೇ ಬಿಡೋಣ ಎಂದು ಅದನ್ನೇ ಹತ್ತಿದೆ.

ಬೇವಿನ ಗಿಡದ ಕೆಳಗೆ ಚಾಪೆ, ಚಾಪೆಯ ಮೇಲೆ ಮರದ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಲ್ಯಾಪ್‌ಟಾಪ್. ಪಕ್ಕದ ಝೆರಾಕ್ಸ್ ಅಂಗಡಿಯಿಂದ ಕರೆಂಟಿನ ವೈರು ಎಳೆದಿದ್ದರು. ಎದುರಿಗೆ ಮೌನಪ್ಪನವರಿಗಿಂತ ಹಿರಿಯಳಾದ ಒಬ್ಬ ಮುದುಕಿ ಎಲೆಅಡಿಕೆ ಅಗಿಯುತ್ತ ಕೂತಿದ್ದಳು. ಹೆಸರು ತಿಮ್ಮವ್ವ, ಹೊಲದ ಗಡಿ ಅಳೆಸಿಕೊಡಿ ಎಂದು ಅರ್ಜಿ ಬರೆಸಲು ಮೂರನೇ ಸಲ ಬಂದವಳು. ಹಿಂದಿನ ಎರಡು ಸಲವೂ "ಕಣ್ಣು ಬ್ಯಾನಿ ಅದ, ಮುಂದಿನ ವಾರ ಬಾ" ಎಂದು ಕಳಿಸಿದ್ದರಂತೆ.

ನಾನು ಗಿಡದ ಈಚೆಗೇ ನಿಂತೆ. ಚಹಾದವನು ಗ್ಲಾಸು ಇಟ್ಟು ಹೋದ, ಅರ್ಧವೇ ತುಂಬಿತ್ತು. ತಿಮ್ಮವ್ವ ಉಗುಳಲು ಆಚೆ ತಿರುಗಿದ ಕೂಡಲೇ ಮೌನಪ್ಪ ಎರಡೂ ಕೈಯಿಂದ ಗ್ಲಾಸು ಎತ್ತಿ, ತಲೆ ಬಗ್ಗಿಸಿ, ಒಂದೇ ಗುಟುಕಿಗೆ ಕುಡಿದು ಇಟ್ಟರು. ಆದರೂ ಧೋತರದ ಮೇಲೆ ಚೆಲ್ಲಿತು. ಆಮೇಲೆ ಬಲಗೈ ತೋರುಬೆರಳನ್ನು ಕೀಲಿಯ ಮೇಲೆ ತಂದರು. ಬೆರಳು ಇಳಿಯುವ ಮೊದಲೇ ನಡುಗುತ್ತಿತ್ತು. ಒಂದು ಸಲ ಒತ್ತಲು ಹೋದದ್ದು ಮೂರು ಸಲ ಬಿತ್ತು.

ನನಗೆ ನಾಚಿಕೆಯಾಯಿತು. ಆ ಗಾದೆಯನ್ನು ನಾನು ಯಾರಿಗೆ ಹೇಳಿದ್ದೆನೆಂದು ಆಗ ತಿಳಿಯಿತು. ಮೂವತ್ತೈದು ವರ್ಷ ಕೈಯನ್ನೇ ನಂಬಿ ಬದುಕಿದ ಮನುಷ್ಯ. ಕೈ ನಡುಗುತ್ತದೆ ಎಂದು ಗೊತ್ತಾದರೆ ಯಾರು ಬಂದು ಬರೆಸುತ್ತಾರೆ ಎಂಬ ಹೆದರಿಕೆಗೆ ತಪ್ಪನ್ನು ಯಂತ್ರದ ಮೇಲೆ ಹಾಕಿದ್ದರು. ನಾನೋ, ವಿಂಡೋಸ್ ಇದ್ದಂಗ ಅದ ಎಂದು ಎರಡು ತಿಂಗಳಿಂದ ಹಾಡುತ್ತಿದ್ದೆ.

ನನ್ನನ್ನು ಕಂಡು ಅವರ ಕೈ ಟವೆಲ್ಲಿನೊಳಗೆ ಹೋಯಿತು. ತಿಮ್ಮವ್ವನ ಎದುರಿಗೆ ನಾನು ಏನನ್ನೂ ಕೇಳಲಿಲ್ಲ. "ಸ್ವಲ್ಪ ಅತ್ತ ಸರೀರಿ ಕಾಕಾ, ತೊದಲು ಸಿಕ್ಕತು. ಯಂತ್ರಕ್ಕ ಒಂದು ಮಾತು ಹೇಳಿಲ್ಲ ನಾ, ತಪ್ಪು ನಂದು," ಎಂದು ಚಾಪೆಯ ಮೇಲೆ ಕೂತೆ.

ಸೆಟ್ಟಿಂಗ್ಸಿನಲ್ಲಿ ಒಂದು ಮೂಲೆಯಿದೆ. ಕಣ್ಣು ಮಂಜಾದವರಿಗೆ, ಕಿವಿ ಮಂದವಾದವರಿಗೆ, ಬೆರಳು ಮಾತು ಕೇಳದವರಿಗೆ ಯಾರೋ ಯೋಚಿಸಿ ಮಾಡಿಟ್ಟದ್ದು. ಒಂದು ಕೀಲಿ ಬಿದ್ದ ಮೇಲೆ ಅರೆಕ್ಷಣದೊಳಗೆ ಅದೇ ಕೀಲಿ ಮತ್ತೆ ಬಿದ್ದರೆ ಲೆಕ್ಕಕ್ಕೆ ಹಿಡಿಯಬೇಡ ಎಂದು ಅಲ್ಲಿ ಹೇಳಬಹುದು. ಹದಿನಾರು ವರ್ಷದಲ್ಲಿ ನಾನು ಅದನ್ನು ಒಬ್ಬರಿಗೂ ತೆರೆದುಕೊಟ್ಟಿರಲಿಲ್ಲ. ಅದು ಕೆಂಪು ದಾರದ್ದರಲ್ಲೂ ಇತ್ತು, ಬಿಳಿಯದರಲ್ಲೂ ಇತ್ತು.

"ಈಗ ಒತ್ತರಿ."

ಒತ್ತಿದರು. ಬೆರಳು ಮೂರು ಸಲ ಬಿತ್ತು, ಪರದೆಯ ಮೇಲೆ ಒಂದೇ ಮ ಮೂಡಿತು. ಇನ್ನೊಂದು ಕೀಲಿ, ಇನ್ನೊಂದೇ ಅಕ್ಷರ. 'ಮಾನ್ಯರೇ' ಮುಗಿಯುವ ಹೊತ್ತಿಗೆ ಅವರ ಬಾಯಿ ಸ್ವಲ್ಪ ತೆರೆದಿತ್ತು. ಬಗ್ಗಿ ಕೀಲಿಗಳ ಅಡಿಯಲ್ಲಿ ಏನೋ ಇದೆ ಎಂಬಂತೆ ನೋಡಿದರು. "ಇದಕ್ಕ ಹೆಂಗ ಗೊತ್ತಾತು?" ಎಂದು ಕೇಳಿದರು. ಅರೆಕ್ಷಣದ ವಿಷಯ ಹೇಳಿದೆ, ಆ ಅರೆಕ್ಷಣವನ್ನು ಹೆಚ್ಚು ಕಡಿಮೆ ಮಾಡುವುದನ್ನೂ ತೋರಿಸಿದೆ. ನಾಲ್ಕು ಸಲ ಹೆಚ್ಚಿಸಿ ಇಳಿಸಿ ತಮ್ಮ ಕೈಗೆ ಹೊಂದುವಲ್ಲಿ ತಾವೇ ನಿಲ್ಲಿಸಿದರು.

"ಕಾಕಾ, ಇನ್ನ ಯಂತ್ರದಾಗ ಕಾಯಂ ಹಾಕಬೇಕು, ಇಲ್ಲಾಂದ್ರ ಆರಿಸಿದ ಕೂಡಲೇ ಇದೂ ಅಳಿಸಿ ಹೋಗತದ. ಮೂರರಾಗ ಯಾವುದು ಇರಲಿ?"

"ನಿಮಗ ಯಾವುದು ಚಲೋ ಬರತದ?"

"ಹಸಿರು ದಾರದ್ದು. ಮಿಂಟ್."

"ಹಂಗಾದ್ರ ಅದ ಇರಲಿ. ನಾಳಿ ಕುಂಟಿದ್ರ ನಿಮ್ಮ ಕಡೀನ ಹೊಡಕೊಂಡು ಬರಬೇಕಲ್ಲ."

ನನ್ನ ಮಿಂಟ್ ಗೆದ್ದಿತು, ಆದರೆ ನಾನು ಹೊಗಳಿದ ಯಾವ ಗುಣಕ್ಕೂ ಅಲ್ಲ. ಹಾಕಿ, ಆ ಅರೆಕ್ಷಣವನ್ನು ಮತ್ತೆ ಹೊಂದಿಸಲು ಅರ್ಧ ತಾಸು ಹಿಡಿಯಿತು. ತಿಮ್ಮವ್ವ ಇನ್ನೊಂದು ಎಲೆಗೆ ಸುಣ್ಣ ಹಚ್ಚಿಕೊಂಡಳು. ಆಮೇಲೆ ಮೌನಪ್ಪ ನಿಧಾನವಾಗಿ, ಒಂದೊಂದೇ ಅಕ್ಷರ, ಅವಳ ಅರ್ಜಿಯನ್ನು ಪೂರ್ತಿ ಹೊಡೆದರು. ಓದಿ ಹೇಳಿದರು. ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ನಾನೇ ತಂದುಕೊಟ್ಟೆ. ಕೆಳಗೆ 'ಬಿಕ್ಕಲಂ ಮೌನಪ್ಪ' ಎಂದು ಅದನ್ನೂ ಟೈಪ್ ಮಾಡಿದ್ದರು. ಕೈ ಮತ್ತೆ ಟವೆಲ್ಲಿನೊಳಗೆ ಸೇರಿತ್ತು.

ತಿಮ್ಮವ್ವ ಶಾಯಿ ಹಚ್ಚಿದ ಹೆಬ್ಬೆಟ್ಟು ಎತ್ತಿ ಹಿಡಿದು ಕಾಗದ ನೋಡಿದಳು. ಓದು ಬಾರದ ಹೆಂಗಸು. ಕಣ್ಣು ನೇರ ಕೊನೆಯ ಸಾಲಿಗೆ ಹೋಯಿತು, ಅಲ್ಲೇ ನಿಂತಿತು.

"ನಿನ್ನ ಕೈ ಎಲ್ಲಿ ಅದ ಮೌನಪ್ಪ?"

"ಅದ ಬೇ, ಅಲ್ಲೇ ಬರದೀನಿ ನೋಡು."

"ಇದು ಅಚ್ಚು. ನಿಂದು ಬಾಲ ಉದ್ದ ಇರತದ. ನನ್ನ ಗಂಡ ಸತ್ತಾಗ ಬರದೀ, ಮನಿ ಬಿದ್ದಾಗ ಬರದೀ, ಎಲ್ಲಾ ಟ್ರಂಕಿನ್ಯಾಗ ಇಟ್ಟೀನಿ. ಬಾಲ ನೋಡೇ ಹೆಬ್ಬಟ್ಟು ಒತ್ತಾಕಿ ನಾನು."

ಯಾವ ಸೆಟ್ಟಿಂಗ್ಸಿನಲ್ಲೂ ಇದಕ್ಕೆ ಜಾಗ ಇರಲಿಲ್ಲ. ಮೌನಪ್ಪ ನನ್ನ ಕಡೆ ನೋಡಿದರು, ಅವಳ ಕಡೆ ನೋಡಿದರು. ಟವೆಲ್ಲಿನಿಂದ ಬಲಗೈ ಹೊರಗೆ ತೆಗೆದು ಜೇಬಿನ ಪೆನ್ನು ಹಿಡಿದರು. ನಡುಗುವ ಕೈಯನ್ನು ಮುಚ್ಚಿಡಲಿಲ್ಲ. ಅಚ್ಚಿನ ಸಾಲಿನ ಕೆಳಗೆ ಬರೆಯತೊಡಗಿದರು. ಅಕ್ಷರ ಒಂದೂ ನೆಟ್ಟಗೆ ನಿಲ್ಲಲಿಲ್ಲ, ಬಾಲವಂತೂ ಕಾಗದದ ಅಂಚಿಗೆ ಮುಟ್ಟುವ ತನಕ ಗಡಗಡ ನಡುಗುತ್ತ ಹೋಯಿತು.

ತಿಮ್ಮವ್ವ ಕಾಗದ ಎತ್ತಿ ಕಣ್ಣಿನ ಹತ್ತಿರ ಹಿಡಿದಳು. ಬಾಲದ ಉದ್ದಕ್ಕೂ ನೋಡುತ್ತ ಹೋದಳು.

"ನನ್ನಂಗ ನಿನಗೂ ವಯಸ್ಸಾತಲ್ಲೋ," ಎಂದಳು. "ನಿಂದ ಅದ ಬಿಡು." ಕಾಗದವನ್ನು ಪೆಟ್ಟಿಗೆಯ ಮೇಲೆ ಇಟ್ಟು, ಆ ಬಾಲ ಮುಗಿದಲ್ಲೇ ಹೆಬ್ಬೆಟ್ಟು ಒತ್ತಿದಳು.