ಎರಡು ಎಡತೋಳು

ಪಾಪನಿವೇದನೆ ತಪ್ಪಿಸುವವನಲ್ಲ ನಾನು. ಪ್ರತಿ ಶನಿವಾರ ಸಂಜೆ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ, ಚರ್ಚಿನ ಜಾಲರಿಯ ಮುಂದೆ ಮಂಡಿಯೂರಿ, ವಾರದ ಪಾಪಗಳನ್ನು ಒಪ್ಪಿಸುತ್ತಿದ್ದೆ. ಹೆಂಡತಿಯ ಮೇಲೆ ರೇಗಿದೆ. ಫಾದರ್ ಪ್ರವಚನದ ನಡುವೆ ತೂಕಡಿಸಿದೆ. ಗುರುವಾರ ಕೊಡುತ್ತೇನೆಂದ ಪ್ಯಾಂಟಿನ ಬಟ್ಟೆಯನ್ನು ಗುರುವಾರವೂ ಬಿಚ್ಚಿರಲಿಲ್ಲ. ಈ ಕೊನೆಯದು ದರ್ಜಿಗಳ ಪಾಲಿಗೆ ಪಾಪವೇ ಅಲ್ಲ, ಕಸುಬಿನ ಧರ್ಮ. ಆದರೂ ಪಟ್ಟಿ ಉದ್ದವಾಗಲಿ ಎಂದು ಸೇರಿಸುತ್ತಿದ್ದೆ.

ಒಂದು ಶನಿವಾರ ಜಾಲರಿಯ ಆಚೆ ಫಾದರ್ ನಿಟ್ಟುಸಿರು ಬಿಟ್ಟರು. "ಬಂದಾಗೆಲ್ಲ ಇದೇ ಚಿಂದಿ ತರ್ತೀಯಲ್ಲಪ್ಪಾ. ಇಡೀ ಬಟ್ಟೆಯ ಥಾನು ಎಲ್ಲಿಟ್ಟಿದೀಯ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. "ಇಷ್ಟೇ ಫಾದರ್" ಎಂದು ಎದ್ದು ಬಂದೆ.

ಥಾನು ಇತ್ತು. ಏಳು ವರ್ಷದ ಹಿಂದೆ ನಮ್ಮ ಅಂಗಡಿಯಲ್ಲಿ ಕತ್ತರಿ ಹಿಡಿಯುತ್ತಿದ್ದವರು ಅಕ್ಕನ ಗಂಡ, ನನ್ನ ಭಾವ. ನಾನು ಗುಂಡಿ ಹೊಲಿಯುವವ. ಒಂದು ಮದುವೆ ಕೋಟಿನ ಕೆಲಸದ ದಿನ ಭಾವನಿಗೆ ಜ್ವರ ಏರಿ, ಗುಳಿಗೆ ನುಂಗಿ ಒಳಕೋಣೆಯಲ್ಲಿ ಮಲಗಿದರು. ನಾನೇನು ಕಡಿಮೆ ಎಂದು ಕತ್ತರಿ ಎತ್ತಿಕೊಂಡೆ. ತೋಳಿನ ಬಟ್ಟೆಯನ್ನು ಮುಖಕ್ಕೆ ಮುಖ ಕೂಡಿಸಿ ಮಡಚಿ ಕತ್ತರಿಸಿದರೆ ಒಂದು ಬಲ, ಒಂದು ಎಡ ಬರುತ್ತದೆ. ನಾನು ಮಡಚಲೇ ಇಲ್ಲ. ಒಂದೇ ಕಾಗದದ ಅಚ್ಚನ್ನು ಎರಡು ಸಲ ಇಟ್ಟು ಕತ್ತರಿಸಿದೆ. ಎರಡೂ ಎಡತೋಳು! ಅಳತೆ ನೋಡಲು ಬಂದ ಮದುಮಗನ ಬಲಗೈಗೆ ತೊಡಿಸಿದರೆ ತೋಳು ಹಿಮ್ಮುಖವಾಗಿ ಬಾಗಿತ್ತು. ಅವನು ಕೂಗಾಡಿದ. ಗದ್ದಲಕ್ಕೆ ಎದ್ದುಬಂದ ಭಾವನಿಗೆ ನಾನು, "ನೀವೇ ಕತ್ತರಿಸಿಟ್ಟು ಮಲಗಿದ್ರಲ್ಲಾ ಭಾವ, ಮರೆತುಬಿಟ್ರಾ?" ಎಂದೆ.

ಭಾವ ತಮ್ಮ ಕೈಗಳನ್ನೇ ನೋಡಿಕೊಂಡರು. ಮರುದಿನ ಕತ್ತರಿಯನ್ನು ನನಗೆ ಕೊಟ್ಟು ತಾವು ಗುಂಡಿ ಡಬ್ಬಿಯ ಮುಂದೆ ಕೂತರು. ಅಂದಿನಿಂದ ನಾನು ಮಾಸ್ಟರ್.

ಫಾದರ್ ಥಾನು ಕೇಳಿದ ಮರುವಾರವೇ ಭಾವ ಒಂದು ಕಡುನೀಲಿ ಬಟ್ಟೆ ತಂದು ಮೇಜಿನ ಮೇಲಿಟ್ಟರು. "ಮಗಳ ಮದುವೆ ನಿಶ್ಚಯ ಆಯ್ತು. ಅಳಿಯನ ಕೋಟು ನೀನೇ ಕತ್ತರಿಸು. ನನಗೆ ಆಸೆ ಇದೆ ಕಣೋ, ಆದ್ರೆ ಈ ಕೈನ ನಂಬೋ ಹಾಗಿಲ್ಲ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆ ಬಟ್ಟೆಯನ್ನು ಮುಟ್ಟಲು ನನ್ನಿಂದಾಗಲಿಲ್ಲ.

ಶನಿವಾರ ಜಾಲರಿಯ ಮುಂದೆ ಎಲ್ಲವನ್ನೂ ಬಿಚ್ಚಿಟ್ಟೆ. ಎರಡು ಎಡತೋಳು ಎಂದಾಗ ಆಚೆಯಿಂದ ಫಾದರ್ ಜೋರಾಗಿ ಕೆಮ್ಮಿದರು. ಆಮೇಲೆ ಮೆತ್ತಗೆ, "ನಿಜವಾಗ್ಲೂ ದುಃಖ ಆಗಿದೆಯಾ?" ಎಂದರು.

"ಆಗಿದೆ ಫಾದರ್."

"ದೇವರು ಕ್ಷಮಿಸ್ತಾನೆ. ಕತ್ತರಿ ಯಾರದೋ ಅವರಿಗೆ ಕೊಟ್ಟು, ನಿಜ ಹೇಳು."

"ಅದರ ಬದಲು ಜಪ ಮಾಡ್ತೀನಿ ಫಾದರ್. ಐವತ್ತು ಸಲ... ಬೇಕಾದ್ರೆ ನೂರು..."

"ಚೌಕಾಸಿ ಬೇಡ!" ಎಂದು ಫಾದರ್ ಗದರಿ, ಪಾಪವಿಮೋಚನೆಯ ಮಾತು ಹೇಳಿ ಕಳಿಸಿದರು.

ಕಾಲು ಅಂಗಡಿಯ ಕಡೆ ಹೋಗಲೊಲ್ಲದು. ಹೋದೆ. ಭಾವ ದಾರದ ತುದಿಯನ್ನು ಬಾಯಲ್ಲಿಟ್ಟು ಸೂಜಿ ಪೋಣಿಸುತ್ತಿದ್ದರು. ಕತ್ತರಿಯನ್ನು ಅವರ ಮುಂದಿಟ್ಟು ಒಂದೇ ಉಸಿರಿಗೆ ಹೇಳಿ ಮುಗಿಸಿ, ಕೆನ್ನೆಗೆ ಏಟು ಬೀಳಲೆಂದು ಕಾದೆ.

ದಾರ ಬಾಯಿಂದ ಜಾರಿತು. "ಅಯ್ಯೋ ಪಾಪಿ! ಏಳು ವರ್ಷದಿಂದ ಆ ತೋಳುಗಳಿಗೋಸ್ಕರ ನಾನು ಪಾಪನಿವೇದನೆ ಮಾಡ್ತಿದೀನಲ್ಲೋ! ಫಾದರ್‌ಗೆ ಬಾಯಿಪಾಠ ಆಗಿಹೋಗಿರುತ್ತೆ!"

ಆ ಕೆಮ್ಮು ಯಾಕೆಂದು ಆಗ ಹೊಳೆಯಿತು. ಆದರೆ ನಗು ಬರಲಿಲ್ಲ. ನನ್ನ ಪಾಪವನ್ನು ಈ ಮನುಷ್ಯ ತನ್ನದೆಂದು ಹೊತ್ತು ಅತ್ತಿದ್ದ. ನಾನು ಅವರ ಕಾಲ ಬಳಿ ಕುಸಿದು ಹೋ ಎಂದು ಅತ್ತೆ. ಭಾವ ಗುಂಡಿ ಡಬ್ಬಿಯನ್ನು ಎತ್ತಿ ಗೋಡೆಗೆ ಬೀಸಿ ಹೊರಟುಹೋದರು. ಮೂಲೆಮೂಲೆಗೆ ಉರುಳಿದ ಗುಂಡಿಗಳನ್ನು ಅಳುತ್ತಲೇ ಆರಿಸಿದೆ.

ಮೂರು ದಿನ ಭಾವ ಅಂಗಡಿಯತ್ತ ಸುಳಿಯಲಿಲ್ಲ. ನಾಲ್ಕನೆಯ ದಿನ ಬಂದು ನೀಲಿ ಬಟ್ಟೆಯನ್ನು ಹಾಸಿ, ಮುಖಕ್ಕೆ ಮುಖ ಕೂಡಿಸಿ ಮಡಚಿ, ಸುಣ್ಣದ ಬಳಪದಿಂದ ಗೆರೆ ಎಳೆದರು. ತಡವರಿಸದೆ ಕತ್ತರಿ ಆಡಿಸಿದರು. ಕತ್ತರಿಸಿದ ತೋಳುಗಳನ್ನು ನನ್ನ ತೊಡೆಯ ಮೇಲೆ ಎಸೆದರು. "ನೋಡಪ್ಪಾ ಮಾಸ್ಟರ್. ಒಂದು ಬಲ, ಒಂದು ಎಡ."

ಆ ಕೋಟಿಗೆ ಗುಂಡಿ ಹೊಲಿದವನು ನಾನು. ಏಳು ವರ್ಷದಲ್ಲಿ ಮೊದಲ ಸಲ ನನ್ನ ಮೈ ಹಗುರಾಗಿತ್ತು. ಹಾಡು ಗುನುಗುತ್ತಾ ಹೊಲಿದೆ.

ಭಾವ ಕೋಟನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರು. "ಮೂರನೇ ಗುಂಡಿ ಸೊಟ್ಟಗಿದೆ. ಯಾರು ಹೊಲಿದದ್ದು?"

"ನಾನೇ ಭಾವ" ಎಂದೆ.