ಹೊಗೆಯ ಮರೆಯಲ್ಲಿ

ನಾಲ್ಕನೇ ಸಲವೂ ಫಿಲಿಪ್‌ನ ಫೋನು ಸ್ವಿಚ್ ಆಫ್. ಗಲ್ಫಿನ ದಾರ್ಸೈಟ್‌ನ ಫ್ಲ್ಯಾಟಿನಲ್ಲಿ ಸಬೀನಾ ಅಡುಗೆಮನೆಗೂ ಬಾಲ್ಕನಿಗೂ ನಡೆದದ್ದೇ ನಡೆದದ್ದು. ಯುದ್ಧ ಶುರುವಾಗಿ ಹನ್ನೊಂದು ದಿನ. ಮಧ್ಯಾಹ್ನ ಗಂಡ ತಾನು ದುಡಿಯುವ, ಹಡಗು ಎಳೆಯುವ ಟಗ್‌ಬೋಟಿನ ಡೆಕ್ಕಿನಿಂದ ವೀಡಿಯೋ ಕಾಲ್ ಮಾಡಿದ್ದ. ಎರಡು ಮಾತಾಡುವಷ್ಟರಲ್ಲಿ ಅವನ ಬೆನ್ನ ಹಿಂದೆ ಹೊಗೆ ಎದ್ದು ಸಮುದ್ರವನ್ನು ನುಂಗಿತು, ಅವನನ್ನೂ ನುಂಗಿತು. ಕಾಲ್ ಕಟ್ಟಾಯಿತು.

ಗಾಬರಿಯಲ್ಲಿ ಅವಳು ಮೊದಲು ಹೇಳಿದ್ದು ಪಕ್ಕದ ಮನೆಯ ಲವಿಟಾಳಿಗೆ. ಅದೇ ತಪ್ಪಾಯಿತು. ಲವಿಟಾ ಕೆಟ್ಟವಳಲ್ಲ, ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಅಷ್ಟೆ. ‘ಫಿಲಿಪ್‌ನ ಬೋಟಿಗೆ ಬೆಂಕಿ, ಪ್ರಾರ್ಥಿಸಿ’ ಎಂದು ತಮ್ಮಿಬ್ಬರ ಊರಿನ ಇಗರ್ಜಿಯ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟಳು. ಕೈಮುಗಿದ ಚಿತ್ರಗಳ ನಡುವೆ ಯಾರೋ ಪುಣ್ಯಾತ್ಮರು ‘ಆತ್ಮಕ್ಕೆ ಶಾಂತಿ’ ಎಂದು ಬರೆದರು. ಆಮೇಲೆ ಎಲ್ಲರೂ ಅದನ್ನೇ ಬರೆದರು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಿಕ್ಕಾಗುತ್ತದೆಯೇ!

ಸುದ್ದಿ ಕೇಳಿ ಕೆಳಗಿನ ಮಹಡಿಯ ಶಾಫಿ ಬಂದರು. ಇಪ್ಪತ್ತು ವರ್ಷ ಮಿಲಿಟರಿ ಕ್ಯಾಂಪಿನಲ್ಲಿ ಅಡುಗೆ ಮಾಡಿದವರು.

“ಹೊಗೆ ಯಾವ ಬಣ್ಣ, ಸಬೀನಾ ಬಾಯಿ?”

“ಬಿಳಿ. ನೀರಿನ ಮೇಲೆಯೇ ಹಬ್ಬಿಕೊಂಡು ಬಂತು ಶಾಫಿಚ್ಚ.”

“ಹಾಗಾದ್ರೆ ಬೆಂಕಿ ಅಲ್ಲ ಮಾರಾಯ್ತಿ. ಎಣ್ಣೆ ಉರಿದ್ರೆ ಕಪ್ಪು. ಇದು ನೇವಿಯವರು ಬೇಕಂತಲೇ ಬಿಡುವ ಹೊಗೆ, ಹಡಗು ವೈರಿ ಕಣ್ಣಿಗೆ ಬೀಳಬಾರದು ಅಂತ. ಇಂಥ ಹೊಗೆ ಕ್ಯಾಂಪಿನಲ್ಲಿ ಎಷ್ಟು ಸಲ ನೋಡಿದ್ದೇನೆ.”

“ಮತ್ತೆ ಅದರ ಒಳಗಿದ್ದವರಿಗೆ ಏನೂ ಆಗುವುದಿಲ್ವಾ?”

ಶಾಫಿ ನೆಲ ನೋಡಿದರು. “ಅಡಗಿಸಿದ್ದು ಹೌದು. ಆಮೇಲೆ ಏನಾಯ್ತೋ, ನಾನು ಹೇಗೆ ಹೇಳ್ಲಿ?”

ಆಗ ಫೋನು ಬಡಿದುಕೊಂಡಿತು. ಫಿಲಿಪ್ ಅಲ್ಲ, ಊರಿನಿಂದ ಅತ್ತೆ ರೋಸಲಿಂಡ್. ಅವರ ಮನೆ ಇಗರ್ಜಿಯ ಅಂಗಳಕ್ಕೆ ತಾಗಿಯೇ ಇತ್ತು. ಮಾತಿಗಿಂತ ಮೊದಲು ಕೇಳಿಸಿದ್ದು ಗಂಟೆ: ಒಂದು ಪೆಟ್ಟು, ಬಿಟ್ಟು ಬಿಟ್ಟು ಇನ್ನೊಂದು. ಊರಲ್ಲಿ ಯಾರಾದರೂ ಸತ್ತರೆ ಹೊಡೆಯುವ ಗಂಟೆ.

“ಕ್ಯಾಸ್ಮಿರ್ ಗಂಟೆ ಹೊಡೀತಿದ್ದಾನೆ ಮಗಾ. ಯಾರಿಗೆ ಅಂತ ಕೇಳಿದ್ರೆ ನಮ್ಮ ಫಿಲಿಪ್‌ಗೆ ಅಂತಾನೆ. ಹೌದಾ?”

“ಇಲ್ಲ ಮಾಂಯ್. ಅವರು ಇದ್ದಾರೆ.”

“ನೀನು ಮಾತಾಡಿದ್ಯಾ?”

ಶಾಫಿ ತಲೆಯೆತ್ತಿ ಅವಳನ್ನೇ ನೋಡಿದರು.

“ಈಗಷ್ಟೇ ಮಾತಾಡಿದೆ. ಗಂಟೆ ನಿಲ್ಲಿಸ್ಲಿಕ್ಕೆ ಹೇಳಿ.”

ಅತ್ತೆ ಫೋನು ಕಟ್ ಮಾಡಲಿಲ್ಲ. ಅಂಗಳದ ಜಲ್ಲಿಯ ಮೇಲೆ ಚಪ್ಪಲಿ ಪಟಪಟ ಓಡಿತು. “ಕ್ಯಾಸ್ಮಿರ್! ಹಗ್ಗ ಬಿಡೋ! ನನ್ನ ಮಗ ಬದುಕಿದ್ದಾನೆ!” ಇನ್ನೊಂದು ಪೆಟ್ಟು ಬಿತ್ತು. ಆಮೇಲೆ ಬೀಳಲಿಲ್ಲ.

ಸಬೀನಾ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಅತ್ತ ಕಡೆ ಎಪ್ಪತ್ತಾರು ವರ್ಷದ ಅತ್ತೆ ಏದುಸಿರು ಬಿಡುತ್ತ ನಗುತ್ತಿದ್ದರು.